ಈ ಮೇಲ್ ನೀವೇ ಕಳಿಸಿದ್ದಾ?

ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬಾತ 2013ರಿಂದ 2015ರ ನಡುವೆ ಬರೀ ಮೇಲ್ ಮತ್ತು ಖೋಟಾ ಬಿಲ್ಲುಗಳನ್ನು ಕಳಿಸಿಯೇ ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳಿಂದ 12 ಕೋಟಿ ಡಾಲರಿಗೂ ಹೆಚ್ಚು ಹಣ ಹೊಡೆದ. ತೈವಾನಿನ ಕ್ವಾಂಟಾ ಕಂಪ್ಯೂಟರ್ ಈ ಎರಡೂ ಕಂಪನಿಗಳಿಗೆ ಸರಕು ಪೂರೈಸುತ್ತಿತ್ತು. ಈತ ಅದೇ ಹೆಸರಿನ ಕಂಪನಿಯೊಂದನ್ನು ಲಾಟ್ವಿಯಾದಲ್ಲಿ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆದು, ಬಿಲ್ಲು ಕಳಿಸತೊಡಗಿದ. ಬಿಲ್ಲಿನ ಜೊತೆಗೆ ಕರಾರು ಪತ್ರ, ಅಧಿಕಾರಿಗಳ ಸಹಿ, ಕಂಪನಿಯ ಸೀಲು ಏನೂ ಕಮ್ಮಿಯಿರಲಿಲ್ಲ. 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 5 ವರ್ಷ ಜೈಲು ವಿಧಿಸಿತು.

ಇಂಥ ಕಥೆ ಕೇಳಿದ ಮೇಲೆ ಬರುವ ಬುದ್ಧಿವಾದವೆಲ್ಲ ಮೇಲ್ ಪಡೆಯುವವರಿಗೇ: ಅದನ್ನು ಒತ್ತಬೇಡಿ, ಇದನ್ನು ತೆರೆಯಬೇಡಿ. ಕಳಿಸುವವರಿಗೆ ಯಾರೂ ಏನೂ ಹೇಳುವುದಿಲ್ಲ. ಪೀಣ್ಯದ ವರ್ಕ್‌ಶಾಪ್, ಚಿಕ್ಕಪೇಟೆಯ ಸಗಟು ಅಂಗಡಿ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಶಾಲೆಯ ಆಫೀಸು, ಆಡಿಟರ್, ಹೀಗೆ ದಿನವೂ ಬಿಲ್ಲು, ನೋಟಿಸು, ರಸೀದಿ ಕಳಿಸುವವರೆಲ್ಲ ಒಂದು ಪ್ರಶ್ನೆ ಹಾಕಿಕೊಳ್ಳಬೇಕು. ಈ ಮೇಲ್ ನಿಜಕ್ಕೂ ನನ್ನದೇ ಎಂದು ಪರೀಕ್ಷಿಸಲು ಎದುರಿನವರಿಗೆ ನಾನು ಏನು ದಾರಿ ಕೊಟ್ಟಿದ್ದೇನೆ? ಅವರಿಗೆ ಬೇಕಾಗಿರುವುದು ಮೇಲ್ ಒಳಗಿನ ಆಶ್ವಾಸನೆಯಲ್ಲ, ಮೇಲ್‌ನ ಹೊರಗಿರುವ ಸಾಕ್ಷಿ. ಕೆಳಗಿನ ಸೂತ್ರಗಳೆಲ್ಲ ಅದಕ್ಕಾಗಿಯೇ.

1. ಸ್ವಂತ ಡೊಮೇನ್ ಇಟ್ಟುಕೊಳ್ಳಿ, ಒಂದೇ ಇಟ್ಟುಕೊಳ್ಳಿ.

ಅಂಗಡಿ ಹೆಸರಿನ ಮುಂದೆ ಜಿಮೇಲ್ ಸೇರಿಸಿಕೊಂಡು ವ್ಯವಹಾರ ನಡೆಸುವವರು ಈಗಲೂ ಬಹಳ ಮಂದಿ. ಆ ವಿಳಾಸದಲ್ಲಿ ಒಂದು ಅಂಕಿಯನ್ನೋ ಒಂದು ‘ಅಕೌಂಟ್ಸ್’ ಪದವನ್ನೋ ಸೇರಿಸಿ ಇನ್ನೊಂದು ಖಾತೆ ಮಾಡುವುದು ಎರಡು ನಿಮಿಷದ ಕೆಲಸ. ಬಿಲ್ಲಿನ ಮೇಲ್ ಒಂದು ಡೊಮೇನಿನಿಂದ, ಹಬ್ಬದ ರಿಯಾಯಿತಿಯ ಮೇಲ್ ಇನ್ನೊಂದರಿಂದ, ಮಾಲೀಕರ ಮೇಲ್ ಅವರ ಸ್ವಂತ ಯಾಹೂ ಖಾತೆಯಿಂದ ಬಂದರಂತೂ ನಾಲ್ಕನೆಯ ವಿಳಾಸದಿಂದ ಬಂದ ಕಳ್ಳಮೇಲ್ ಬಗ್ಗೆ ಗ್ರಾಹಕರಿಗೆ ಅನುಮಾನವೇ ಹುಟ್ಟುವುದಿಲ್ಲ.

ಡೊಮೇನನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದನ್ನೂ ನಿಮ್ಮವರಿಗೆ ಹೇಳಿಕೊಡಿ. ಸರ್ಕಾರಿ ವಿಳಾಸವಾದರೆ ‘ಗವ್ ಡಾಟ್ ಇನ್’ ಕೊನೆಯಲ್ಲಿರಬೇಕು. ನಡುವೆ ಎಲ್ಲೋ ಇದ್ದರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಕೊನೆಯ ತುಂಡಿನ ಒಡೆಯ ಅದರ ಹಿಂದೆ ಏನು ಬೇಕಾದರೂ ಬರೆದುಕೊಳ್ಳಬಹುದು. ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬನ್ನಿ ಎಂದು ಗಡುವು ಕೊಟ್ಟಿದ್ದು ಇದೇ ಕಾರಣಕ್ಕೆ. ಆ ಬಾಲವನ್ನು ಬ್ಯಾಂಕ್ ಅಲ್ಲದವರು ಕೊಳ್ಳಲಾಗುವುದಿಲ್ಲ.

2. ಮೂರು ದಾಖಲೆ ಹಾಕಿಸಿ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್.

ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿ 1982ರದು. ಒಬ್ಬರಿಗೊಬ್ಬರು ಗೊತ್ತಿದ್ದ ಸಂಶೋಧಕರ ಪುಟ್ಟ ಜಾಲಕ್ಕೆ ಹೊಲಿದ ಅಂಗಿ ಅದು. ‘ಇಂದ’ ಎಂಬ ಜಾಗದಲ್ಲಿ ಯಾರ ಹೆಸರು ಬರೆದರೂ ಅದು ಪ್ರಶ್ನಿಸುತ್ತಿರಲಿಲ್ಲ. ಆ ತೂತು ಮುಚ್ಚಲು ಆಮೇಲೆ ಬಂದವು ಈ ಮೂರು. ನಮ್ಮ ಡೊಮೇನಿನ ಪರವಾಗಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅನುಮತಿ ಇದೆ ಎಂಬ ಪಟ್ಟಿಯೇ ಎಸ್‌ಪಿಎಫ್. ಪ್ರತಿ ಮೇಲ್‌ಗೂ ಕಣ್ಣಿಗೆ ಕಾಣದ ಒಂದು ಗಣಿತದ ಸಹಿ ಹಾಕುವುದು ಡಿಕಿಮ್. ಇವೆರಡೂ ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಎಂದು ಎದುರಿನ ಸರ್ವರಿಗೆ ಹೇಳುವುದು ಡಿಮಾರ್ಕ್.

ಡೊಮೇನ್ ನೋಡಿಕೊಳ್ಳುವ ಹುಡುಗನಿಗೆ ಇದು ಅರ್ಧ ದಿನದ ಕೆಲಸ. ಎಡವುವುದು ಎರಡು ಕಡೆ. ಬಿಲ್ಲಿಂಗ್ ಸಾಫ್ಟ್‌ವೇರ್ ಅಥವಾ ಜಾಹೀರಾತು ಮೇಲ್ ಕಳಿಸುವ ಸೇವೆ ನಿಮ್ಮ ಹೆಸರಿನಲ್ಲಿ ಕಳಿಸುತ್ತಿದ್ದರೆ ಅದೂ ಎಸ್‌ಪಿಎಫ್ ಪಟ್ಟಿಯಲ್ಲಿ ಇರಬೇಕು. ಅದಕ್ಕೆಂದು ಇನ್ನೊಂದು ಎಸ್‌ಪಿಎಫ್ ದಾಖಲೆ ಸೇರಿಸಿದಿರೋ ಎರಡೂ ಕೆಟ್ಟವು. ಡೊಮೇನಿಗೆ ಅದು ಒಂದೇ ಇರಬೇಕು. ಇನ್ನು ಡಿಮಾರ್ಕ್. ಅದರಲ್ಲಿ ಮೂರು ಹಂತ: ಸುಮ್ಮನೆ ನೋಡು, ಸ್ಪ್ಯಾಮ್‌ಗೆ ಹಾಕು, ತಿರಸ್ಕರಿಸು. ಎಲ್ಲರೂ ಮೊದಲ ಹಂತದಲ್ಲಿ ಶುರುಮಾಡುತ್ತಾರೆ, ಅದು ಸರಿ. ವರ್ಷಗಟ್ಟಲೆ ಅಲ್ಲೇ ಉಳಿದರೆ ಕಾವಲುಗಾರ ಕಳ್ಳನನ್ನು ನೋಡಿ ಡೈರಿಯಲ್ಲಿ ಬರೆದುಕೊಂಡ ಹಾಗಷ್ಟೆ. ವರದಿಗಳನ್ನು ಕೆಲವು ವಾರ ಗಮನಿಸಿ ಮುಂದಕ್ಕೆ ಹೋಗಿ.

ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ. ಸಣ್ಣವರೂ ಮಾಡಿಸಿಕೊಂಡರೆ ಮೇಲ್ ಸ್ಪ್ಯಾಮ್‌ಗೆ ಬೀಳುವುದಾದರೂ ಕಡಿಮೆಯಾಗುತ್ತದೆ. ಸರಿಯಾಗಿದೆಯೇ ಎಂದು ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಆ ಮೇಲ್‌ನ ಜಾತಕವೇ ತೆರೆದುಕೊಳ್ಳುತ್ತದೆ. ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು.

3. ಕಳ್ಳರ ಧಾಟಿಯಲ್ಲಿ ಬರೆಯಬೇಡಿ.

‘ಪ್ರಿಯ ಗ್ರಾಹಕರೇ, 24 ಗಂಟೆಯೊಳಗೆ ಹಣ ಪಾವತಿಸದಿದ್ದರೆ ಸೇವೆ ಸ್ಥಗಿತ, ಕೂಡಲೇ ಇಲ್ಲಿ ಒತ್ತಿ.’ ಇದು ನಿಜವಾದ ಮೇಲೋ ಸುಳ್ಳೋ ಯಾರು ಹೇಳಬಲ್ಲರು? ಒಳ್ಳೆಯ ಸಂಸ್ಥೆಗಳೇ ಹೀಗೆ ಬರೆದು, ಹೆದರಿಕೆ ಹುಟ್ಟಿಸುವ ಮೇಲ್‌ಗೆ ವಿಧೇಯರಾಗುವುದನ್ನು ಜನರಿಗೆ ರೂಢಿ ಮಾಡಿಸಿವೆ. ಹೆಸರು ಹಿಡಿದು ಬರೆಯಿರಿ. ಇಬ್ಬರಿಗೇ ಗೊತ್ತಿರುವ ವಿವರ ಸೇರಿಸಿ: ಆರ್ಡರ್ ಸಂಖ್ಯೆ, ಸರಕು ಇಳಿಸಿದ ದಿನ, ಕಳೆದ ಬಾರಿಯ ಬಾಕಿ. ಚಿಕ್ಕದು ಮಾಡಿದ ಲಿಂಕುಗಳನ್ನಂತೂ ಮುಟ್ಟಲೇಬೇಡಿ. ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ಮುಚ್ಚಿಡುವುದೇ ಅವುಗಳ ಸ್ವಭಾವ.

ಕಾಗುಣಿತದ ತಪ್ಪಿನಿಂದ ಕಳ್ಳಮೇಲ್ ಗುರುತಿಸಬಹುದು ಎಂಬ ಹಳೆಯ ಬುದ್ಧಿಮಾತನ್ನು ಇನ್ನು ನಂಬಿ ಕೂರುವ ಹಾಗಿಲ್ಲ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಹಾಕಿದವರು ಶ್ರೀಲಂಕಾಕ್ಕೆ 2 ಕೋಟಿ ಡಾಲರ್ ಕಳಿಸುವಾಗ ‘ಫೌಂಡೇಶನ್’ ಎಂಬುದನ್ನು ‘ಫ್ಯಾಂಡೇಶನ್’ ಎಂದು ಬರೆದು ಸಿಕ್ಕಿಬಿದ್ದಿದ್ದರು. ಆ ಒಂದು ತಪ್ಪಿಗೆ ಅಷ್ಟೂ ಹಣ ಉಳಿಯಿತು. ಆದರೂ 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸ್ ಸೇರಿತ್ತು ಎಂಬುದು ಬೇರೆ ಮಾತು. ಈಗ ಕೃತಕ ಬುದ್ಧಿಮತ್ತೆ ಬರೆದುಕೊಡುವ ಕನ್ನಡದಲ್ಲೂ ಅಂಥ ತಪ್ಪು ಅಪರೂಪ.

4. ಲಿಂಕ್ ಕೊಡಬೇಡಿ, ದಾರಿ ಹೇಳಿ.

ಪರೀಕ್ಷಿಸುವ ಜಾಗದ ವಿಳಾಸ ಅದೇ ಮೇಲ್‌ನಲ್ಲಿ ಬರಬಾರದು. ಕಳ್ಳನಾದರೆ ಪರೀಕ್ಷೆಯ ಪುಟವನ್ನೂ ತಾನೇ ಕಟ್ಟಿರುತ್ತಾನೆ! ‘ನಮ್ಮ ವೆಬ್‌ಸೈಟನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಅಲ್ಲಿ ಈ ಬಿಲ್ ಸಂಖ್ಯೆ ಹಾಕಿ ನೋಡಿ’ ಎಂದು ಬರೆಯುವುದು ಲಿಂಕ್ ಅಂಟಿಸುವುದಕ್ಕಿಂತ ನಾಲ್ಕು ಪದ ಹೆಚ್ಚು, ಅಷ್ಟೆ.

ನಮ್ಮ ಸರ್ಕಾರಿ ಇಲಾಖೆಗಳು ಈ ವಿಷಯದಲ್ಲಿ ಖಾಸಗಿಯವರಿಗಿಂತ ಮುಂದಿವೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಆದಾಯ ತೆರಿಗೆ ಇಲಾಖೆ 2019ರ ಅಕ್ಟೋಬರ್ 1ರಿಂದ ತನ್ನ ನೋಟಿಸು, ಆದೇಶಗಳಿಗೆ ಡಿನ್ ಎಂಬ ಸಂಖ್ಯೆ ಹಾಕುತ್ತದೆ. ನೋಟಿಸು ಕೈಗೆ ಬಂದವರು ಇಲಾಖೆಯ ಇ-ಫೈಲಿಂಗ್ ತಾಣಕ್ಕೆ ಹೋಗಿ, ಲಾಗಿನ್ ಕೂಡ ಆಗದೆ, ಅದು ಅಸಲಿಯೇ ಎಂದು ನೋಡಬಹುದು. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೂಡ ಹಾಗೆಯೇ. ಕಾಗದ ಯಾರ ಕೈಯಿಂದ ಬಂತು ಎಂಬುದು ಮುಖ್ಯವಲ್ಲ, ನಂಬರ್ ಹಾಕಿದರೆ ತಾಣದಲ್ಲಿ ಏನು ಬರುತ್ತದೆ ಎಂಬುದಷ್ಟೇ ಮುಖ್ಯ. ವೆಬ್‌ಸೈಟೇ ಇಲ್ಲದ ಸಣ್ಣ ಅಂಗಡಿಯಾದರೆ? ‘ಹಳೆಯ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ ಕೇಳಿ’ ಎಂದರೂ ಸಾಕು.

5. ಅಟ್ಯಾಚ್‌ಮೆಂಟಿಗೆ ಹೆಸರಿಡಿ, ಮೇಲ್‌ನಲ್ಲಿ ಅದರ ಲೆಕ್ಕ ಕೊಡಿ.

‘ಸ್ಕ್ಯಾನ್ 0001’, ‘ಹೊಸ ಡಾಕ್ಯುಮೆಂಟ್ ಫೈನಲ್ 2’. ಇಂಥ ಹೆಸರಿನ ಫೈಲನ್ನು ಯಾಕಾದರೂ ತೆರೆಯಬೇಕು? ಸಂಸ್ಥೆಯ ಹೆಸರು, ಬಿಲ್ ಸಂಖ್ಯೆ, ತಿಂಗಳು ಇಷ್ಟಿರಲಿ. ಮೇಲ್‌ನ ಒಳಗೆ, ‘ಇದರೊಂದಿಗೆ ಎರಡು ಪಿಡಿಎಫ್ ಇವೆ, ಮೊದಲನೆಯದು 3 ಪುಟ, ಒಟ್ಟು ಮೊತ್ತ ಇಷ್ಟು’ ಎಂದು ಬರೆಯಿರಿ. ಹಿಂದೆ ಆಫೀಸು ಪತ್ರಗಳ ಕೊನೆಗೆ ‘ಅಡಕ: 2’ ಎಂದು ಬರೆಯುತ್ತಿದ್ದುದು ಸುಮ್ಮನೆ ಅಲ್ಲ.

ಪಿಡಿಎಫ್ ಸಾಕು. ಮ್ಯಾಕ್ರೋ ಇರುವ ಎಕ್ಸೆಲ್, ಎಚ್‌ಟಿಎಂಎಲ್ ಫೈಲು, ಜಿಪ್ ಇವನ್ನು ಕಳಿಸದೆ ಇರುವುದನ್ನೇ ನಿಯಮ ಮಾಡಿಕೊಂಡು, ಹಾಗೆಂದು ಗ್ರಾಹಕರಿಗೂ ಹೇಳಿಬಿಡಿ. ಆಗ ಅಂಥದ್ದು ನಿಮ್ಮ ಹೆಸರಿನಲ್ಲಿ ಬಂದ ದಿನ ಅವರೇ ಅನುಮಾನಿಸುತ್ತಾರೆ. 2000ದ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿದ ‘ಐ ಲವ್ ಯೂ’ ವೈರಸ್ ಬಂದದ್ದು ಪ್ರೇಮಪತ್ರದ ಅಟ್ಯಾಚ್‌ಮೆಂಟ್ ಆಗಿ. ಫೈಲಿನ ಹೆಸರು ‘ಟಿಎಕ್ಸ್‌ಟಿ’ ಎಂದು ಮುಗಿದಂತೆ ಕಾಣುತ್ತಿತ್ತು. ಅದರಾಚೆಗಿನ ‘ವಿಬಿಎಸ್’ ಎಂಬ ನಿಜವಾದ ಬಾಲವನ್ನು ವಿಂಡೋಸ್ ತಾನೇ ಮರೆಮಾಡಿತ್ತು.

6. ಪಾಸ್‌ವರ್ಡನ್ನು ಸಹಿ ಎಂದು ತಿಳಿಯಬೇಡಿ.

ಫೈಲಿಗೆ ಪಾಸ್‌ವರ್ಡ್ ಹಾಕಿದರೆ ಬೇರೆಯವರು ಓದಲಾರರು. ಆದರೆ ಕಳಿಸಿದ್ದು ಯಾರು ಎಂಬುದಕ್ಕೆ ಅದು ಪುರಾವೆಯಲ್ಲ. ಕಳ್ಳನೂ ಪಾಸ್‌ವರ್ಡ್ ಹಾಕಬಲ್ಲ. ಹಾಕುತ್ತಾನೆ ಕೂಡ, ಏಕೆಂದರೆ ಬೀಗ ಹಾಕಿದ ಜಿಪ್ ಒಳಗೆ ವೈರಸ್ ಇದೆಯೇ ಎಂದು ಮೇಲ್ ಸರ್ವರ್ ಇಣುಕಲಾರದು. ಜಪಾನಿನ ಕಚೇರಿಗಳಲ್ಲಿ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿ ಕಳಿಸಿ, ಬೆನ್ನಿಗೇ ಇನ್ನೊಂದು ಮೇಲ್‌ನಲ್ಲಿ ಪಾಸ್‌ವರ್ಡ್ ಕಳಿಸುವ ಶಿಷ್ಟಾಚಾರವೇ ಬೆಳೆದಿತ್ತು. ಅದಕ್ಕೆ ‘ಪಿಪಿಎಪಿ’ ಎಂಬ ಅಡ್ಡಹೆಸರೂ ಬಿತ್ತು, ಅಲ್ಲಿನ ಒಂದು ತಮಾಷೆ ಹಾಡಿನಿಂದ. ಮೊದಲ ಮೇಲ್ ಕದ್ದವನಿಗೆ ಎರಡನೆಯದು ಸಿಗದೇ? ಕೊನೆಗೆ 2020ರ ನವೆಂಬರಿನಲ್ಲಿ ಡಿಜಿಟಲ್ ಸುಧಾರಣೆಯ ಸಚಿವ ಹಿರಾಯ್ ತಕುಯಾ ಅವರು ಸಚಿವ ಸಂಪುಟದ ಕಚೇರಿಯಲ್ಲಿ ಇದನ್ನು ನಿಲ್ಲಿಸುವುದಾಗಿ ಸಾರಿದರು. ನಮ್ಮಲ್ಲಿ ಪಾಸ್‌ವರ್ಡನ್ನು ಅದೇ ಮೇಲ್‌ನ ಕೊನೆಯ ಸಾಲಿನಲ್ಲಿ ಬರೆಯುವವರು ಇದ್ದಾರೆ. ಅವರಿಗೆ ಜಪಾನೀಯರಷ್ಟು ತಾಳ್ಮೆಯೂ ಇಲ್ಲ.

7. ಸಹಿಯ ಚಿತ್ರ ಅಂಟಿಸುವುದನ್ನು ಬಿಡಿ, ಡಿಜಿಟಲ್ ಸಹಿ ಹಾಕಿ.

ಸೀಲು, ಸಹಿ ಎಂದರೆ ನಮಗೆ ವಿಪರೀತ ಗೌರವ. ಒಮ್ಮೆ ಸ್ಕ್ಯಾನ್ ಮಾಡಿಟ್ಟ ಸಹಿಯನ್ನು ಹತ್ತು ವರ್ಷ ಪತ್ರಗಳಿಗೆ ಅಂಟಿಸುತ್ತಾ ಹೋಗುತ್ತೇವೆ. ನಿಮ್ಮ ಒಂದು ಪತ್ರ ಕೈಗೆ ಸಿಕ್ಕ ಯಾರಾದರೂ ಆ ಸಹಿಯನ್ನು ಕತ್ತರಿಸಿ ತಮ್ಮ ಪತ್ರಕ್ಕೆ ಅಂಟಿಸಬಹುದು. ಗೂಗಲ್‌ನವರನ್ನು ಬೀಳಿಸಿದ್ದೂ ಇಂಥದೇ ಸೀಲು-ಸಹಿ.

ಡಿಜಿಟಲ್ ಸಹಿಯ ಬಗೆಯೇ ಬೇರೆ. ಅದು ಫೈಲಿನ ಪ್ರತಿ ಅಕ್ಷರದ ಲೆಕ್ಕ ಹಿಡಿದು, ಆ ಲೆಕ್ಕವನ್ನು ನಿಮ್ಮ ಗುಟ್ಟಿನ ಕೀಲಿಯಿಂದ ಮುದ್ರಿಸುತ್ತದೆ. ಆಮೇಲೆ ಯಾರಾದರೂ 10,000ವನ್ನು 1,00,000 ಮಾಡಿದರೆ ಸಹಿ ಮುರಿಯುತ್ತದೆ, ತೆರೆದವರಿಗೆ ಗೊತ್ತಾಗುತ್ತದೆ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಕೈಸಹಿಯ ಮಾನ್ಯತೆ ಕೊಟ್ಟಿದೆ. ಕಂಪನಿ ನಡೆಸುವವರ ಬಳಿ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಹೇಗೂ ಇರುತ್ತದೆ, ರಿಟರ್ನ್ ಸಲ್ಲಿಸಲು ಮಾಡಿಸಿದ್ದು. ಅದನ್ನೇ ಬಿಲ್ಲಿಗೂ ಕರಾರಿಗೂ ಬಳಸಬಹುದು. ಆದರೆ ಅದು ಎಲ್ಲಿದೆ? ನೂರಕ್ಕೆ ಎಷ್ಟೋ ಮಂದಿಯದು ಆಡಿಟರ್ ಆಫೀಸಿನ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿ ಸುತ್ತಿಕೊಂಡು ಮಲಗಿರುತ್ತದೆ. ಮೊದಲು ಅದನ್ನು ಮನೆಗೆ ತನ್ನಿ. ಸಹಿ ಹಾಕಿದ ಚೆಕ್ ಪುಸ್ತಕವನ್ನು ಹಾಗೆ ಬಿಟ್ಟು ಬರುತ್ತಿದ್ದಿರಾ?

ಸಹಿ ಹಾಕಿ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಎದುರಿನವರಿಗೆ ಏನು ಕಾಣಬೇಕು ಎಂದು ಎರಡು ಸಾಲು ಬರೆಯಿರಿ. ಇ-ಆಧಾರ್ ಪಿಡಿಎಫ್ ತೆರೆದವರಿಗೆಲ್ಲ ಆ ಹಳದಿ ಪ್ರಶ್ನಾರ್ಥಕ ಚಿಹ್ನೆ ಗೊತ್ತು. ಸಹಿ ಸುಳ್ಳು ಎಂದಲ್ಲ ಅದರ ಅರ್ಥ, ಸಹಿ ಕೊಟ್ಟ ಪ್ರಾಧಿಕಾರವನ್ನು ನಿಮ್ಮ ಕಂಪ್ಯೂಟರ್ ಇನ್ನೂ ಗುರುತು ಹಿಡಿದಿಲ್ಲ ಎಂದು. ಸಹಿಯ ಮೇಲೆ ಒತ್ತಿ, ವಿವರ ನೋಡಿ, ನಂಬಿಕಸ್ತರ ಪಟ್ಟಿಗೆ ಸೇರಿಸಿದರೆ ಹಸಿರು ಗುರುತು ಬರುತ್ತದೆ. ಇದನ್ನು ಯಾರೂ ಹೇಳದ ಕಾರಣ ಜನ ಪ್ರಶ್ನಾರ್ಥಕ ಚಿಹ್ನೆ ಕಂಡರೂ ಸುಮ್ಮನಿರುವುದನ್ನು ಕಲಿತಿದ್ದಾರೆ. ಅದು ಅಪಾಯ.

ಇನ್ನೂ ಒಂದು ಸೂಕ್ಷ್ಮ. ಪುಟದ ಮೇಲೆ ಕಾಣುವ ಹಸಿರು ಗುರುತನ್ನು ಯಾರು ಬೇಕಾದರೂ ಚಿತ್ರವಾಗಿ ಬರೆಯಬಹುದು. ನೋಡಬೇಕಾದ್ದು ಅಡೋಬಿ ರೀಡರಿನ ಸಹಿಯ ಪಟ್ಟಿಯಲ್ಲಿ, ಪುಟದಲ್ಲಲ್ಲ. ಫೋನಿನಲ್ಲಿ ತೆರೆದರೆ ಬಹುತೇಕ ಆ ಪಟ್ಟಿ ಕಾಣುವುದೇ ಇಲ್ಲ. ಪ್ರಿಂಟ್ ತೆಗೆದರಂತೂ ಡಿಜಿಟಲ್ ಸಹಿ ಅಲ್ಲಿಗೇ ಸತ್ತಂತೆ. ‘ಡಿಜಿಟಲ್ ಸಹಿ ಇರುವ ಪ್ರಿಂಟ್ ತನ್ನಿ’ ಎನ್ನುವ ಗುಮಾಸ್ತರಿಗೆ ಇದನ್ನು ತಿಳಿಸುವ ಧೈರ್ಯ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ.

8. ಅಂಕಪಟ್ಟಿಯಂಥ ದಾಖಲೆಗಳನ್ನು ಡಿಜಿಲಾಕರ್‌ನಿಂದ ಕೊಡಿ. 2015ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಮೂಲ ಸಂಸ್ಥೆಯೇ ದಾಖಲೆ ಒದಗಿಸುತ್ತದೆ, ಕಾನೂನಿನ ಪ್ರಕಾರ ಅದು ಅಸಲಿಗೆ ಸಮ. ಸ್ಕ್ಯಾನ್ ಪ್ರತಿಗೆ ಆ ಯೋಗ್ಯತೆ ಇಲ್ಲ.

9. ಇ-ಇನ್‌ವಾಯ್ಸಿನ ಕ್ಯೂಆರ್ ಬಳಸಿ, ಅದರ ಮಿತಿಯನ್ನೂ ತಿಳಿದಿರಿ.

ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ, ಬೇರೆ ವ್ಯಾಪಾರಿಗಳಿಗೆ ಮಾರುವಾಗ, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಪ್ರತಿ ಬಿಲ್ಲಿಗೂ 64 ಅಕ್ಷರಗಳ ಒಂದು ಗುರುತು, ಜೊತೆಗೆ ಸರ್ಕಾರದ ಪೋರ್ಟಲ್ ಸಹಿ ಹಾಕಿದ ಕ್ಯೂಆರ್. ಜಿಎಸ್‌ಟಿಯ ಪರಿಶೀಲನಾ ಆ್ಯಪ್‌ನಲ್ಲಿ ಹಿಡಿದರೆ ಅಸಲಿಯೇ ಎಂದು ತಿಳಿಯುತ್ತದೆ. ಇದನ್ನು ಬರೀ ತೆರಿಗೆಯ ಕಾಟ ಎಂದುಕೊಂಡವರೇ ಹೆಚ್ಚು. ಬಿಲ್ಲಿನ ಕೆಳಗೆ ‘ಈ ಕ್ಯೂಆರ್ ಪರೀಕ್ಷಿಸಿಯೇ ಹಣ ಕೊಡಿ’ ಎಂದು ಅಚ್ಚು ಹಾಕಿಸಿ, ಪುಕ್ಕಟೆ ಸಿಕ್ಕ ಕಾವಲು.

ಆದರೆ ಆ ಕ್ಯೂಆರ್‌ನಲ್ಲಿ ಇರುವುದು ಎರಡೂ ಕಡೆಯ ಜಿಎಸ್‌ಟಿ ನಂಬರ್, ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಇಂಥವು. ಬ್ಯಾಂಕ್ ಖಾತೆಯ ಸಂಖ್ಯೆ ಇಲ್ಲ! ಅಸಲಿ ಬಿಲ್ಲನ್ನೇ ಇಟ್ಟುಕೊಂಡು ಕೆಳಗಿನ ಖಾತೆ ಸಂಖ್ಯೆಯನ್ನಷ್ಟೇ ತಿದ್ದಿದರೆ ಕ್ಯೂಆರ್ ಸರಿಯಾಗಿಯೇ ತೋರಿಸುತ್ತದೆ. ಅದಕ್ಕೇ ಮುಂದಿನ ಸೂತ್ರ.

10. ಖಾತೆ ಸಂಖ್ಯೆ ಬದಲಾದರೆ ಮೇಲ್‌ನಲ್ಲಿ ಮಾತ್ರ ಹೇಳಲೇಬೇಡಿ.

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಪಳಗಿದ ಕಳ್ಳ ನಕಲಿ ವಿಳಾಸದಿಂದ ಬರೆಯುವುದಿಲ್ಲ. ನಿಮ್ಮದೋ ನಿಮ್ಮ ಗ್ರಾಹಕರದೋ ಪಾಸ್‌ವರ್ಡ್ ಕದ್ದು ಅಸಲಿ ಪೆಟ್ಟಿಗೆಯೊಳಗೇ ಕುಳಿತು ವಾರಗಟ್ಟಲೆ ಓದುತ್ತಾನೆ. ದೊಡ್ಡ ಬಿಲ್ಲು ಹೋಗುವ ದಿನ, ಅದೇ ಮಾತುಕತೆಯ ನಡುವೆ, ‘ನಮ್ಮ ಖಾತೆಗೆ ಆಡಿಟ್ ನಡೆಯುತ್ತಿದೆ, ಈ ಬಾರಿ ಈ ಖಾತೆಗೆ ಹಾಕಿ’ ಎಂದು ಬರೆಯುತ್ತಾನೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ‘ಪಾಸ್’ ಎನ್ನುತ್ತವೆ. ಮೇಲ್ ಹೋದದ್ದು ನಿಜವಾಗಿಯೂ ನಿಮ್ಮ ಖಾತೆಯಿಂದಲೇ ಅಲ್ಲವೇ?

ಆದ್ದರಿಂದ ಪ್ರತಿ ಬಿಲ್ಲಿನ ಮೇಲೂ ದಪ್ಪಕ್ಷರದಲ್ಲಿ ಇರಲಿ: ‘ನಮ್ಮ ಬ್ಯಾಂಕ್ ಖಾತೆ ಬದಲಾದರೆ ಮೇಲ್ ಅಥವಾ ವಾಟ್ಸಾಪಿನಲ್ಲಿ ಮಾತ್ರ ತಿಳಿಸುವುದಿಲ್ಲ. ಅಂಥ ಸಂದೇಶ ಬಂದರೆ ನಿಮ್ಮ ಬಳಿ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ.’ ಫೋನ್ ಬಂದಾಗ ಎತ್ತುವವರ ಸ್ವಭಾವವೂ ಮುಖ್ಯ.

‘ಸರ್, ಖಾತೆ ನಂಬರ್ ಬದಲಾಗಿದೆಯಂತೆ, ಹೌದಾ?’

‘ಮೇಲ್‌ನಲ್ಲಿ ಹಾಕಿದೀವಲ್ರೀ, ನೋಡ್ಕೊಳ್ಳಿ.’

ಇಂಥ ಒಂದು ಉತ್ತರ ಸಾಕು, ಆ ಗ್ರಾಹಕ ಮುಂದೆಂದೂ ಕೇಳುವುದಿಲ್ಲ. ‘ಕೇಳಿದ್ದು ಒಳ್ಳೇದಾಯ್ತು ಸರ್, ಕೊನೆಯ ನಾಲ್ಕು ಅಂಕಿ ಓದಿ, ತಾಳೆ ನೋಡೋಣ’ ಎನ್ನಲು ಅಕೌಂಟ್ಸಿನ ಹುಡುಗನಿಗೆ ಕಲಿಸಿ.

2025ರ ಏಪ್ರಿಲ್ 1ರಿಂದ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವಾಗ ಹಣ ಪಡೆಯುವ ಖಾತೆದಾರರ ಹೆಸರು ನೋಡುವ ಅನುಕೂಲ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದು ಉಪಯೋಗಕ್ಕೆ ಬರಬೇಕಾದರೆ ನಿಮ್ಮ ಖಾತೆ ಬಿಲ್ಲಿನಲ್ಲಿರುವ ಹೆಸರಿನಲ್ಲೇ ಇರಬೇಕು. ಮಗನ ಖಾತೆ, ಭಾವನ ಖಾತೆ ಕೊಡುವವರು ತಮ್ಮ ಗ್ರಾಹಕರ ಕಣ್ಣಿಗೆ ತಾವೇ ಪಟ್ಟಿ ಕಟ್ಟುತ್ತಾರೆ. ಹೆಸರು ಹೊಂದಿದ ಮಾತ್ರಕ್ಕೆ ಮುಗಿಯಿತು ಎಂದೂ ಅಲ್ಲ. ರಿಮಾಸೌಸ್ಕಾಸನ ಕಂಪನಿಯ ಹೆಸರೂ ಹೊಂದಿಕೆಯಾಗುತ್ತಿತ್ತು. ದೊಡ್ಡ ಮೊತ್ತವಾದರೆ ಮೊದಲು 1 ರೂಪಾಯಿ ಹಾಕಿಸಿಕೊಂಡು, ಬಂತು ಎಂದು ಬಾಯಲ್ಲಿ ಹೇಳಿ, ಆಮೇಲೆ ಉಳಿದದ್ದು.

11. ಮೇಲ್ ಪೆಟ್ಟಿಗೆಗೆ ಎರಡನೆಯ ಬೀಗ ಹಾಕಿ. ಟು-ಸ್ಟೆಪ್ ವೆರಿಫಿಕೇಶನ್ ಇಲ್ಲದ ಖಾತೆಯಿಂದ ಬಿಲ್ಲು ಹೋಗಕೂಡದು. ಇಡೀ ಆಫೀಸಿಗೆ ಒಂದೇ ಪಾಸ್‌ವರ್ಡ್ ಇದ್ದರೆ ಇಂದೇ ಬದಲಿಸಿ.

12. ದೊಡ್ಡ ಫೈಲು ಕಳಿಸುವವರು ಹ್ಯಾಶ್ ಕೊಡಿ.

ಸಾಫ್ಟ್‌ವೇರ್, ಟೆಂಡರ್ ದಾಖಲೆ, ಅಚ್ಚಿಗೆ ಹೋಗುವ ಪುಸ್ತಕ ಇಂಥವಕ್ಕೆ ಇದು. ಶಾ-256 ಎಂಬ ಲೆಕ್ಕ ಯಾವ ಫೈಲಿಗಾದರೂ ಹ್ಯಾಶ್ ಎಂಬ ಒಂದು ಬೆರಳಚ್ಚು ಸಂಖ್ಯೆ ಕೊಡುತ್ತದೆ. ವಿಂಡೋಸ್‌ನಲ್ಲೇ ‘ಸರ್ಟ್‌ಯುಟಿಲ್’ ಎಂಬ ಸಲಕರಣೆ ಇದೆ. ಆ ಸಂಖ್ಯೆಯನ್ನು ಮೇಲ್‌ನಲ್ಲಿ ಬರೆಯದೆ ವೆಬ್‌ಸೈಟಿನಲ್ಲೋ ಫೋನಿನಲ್ಲೋ ಕೊಡಿ. ಹಳೆಯ ಶಾ-1 ಬೇಡ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದೇ ಬೆರಳಚ್ಚಿನ ಎರಡು ಬೇರೆಬೇರೆ ಪಿಡಿಎಫ್ ಮಾಡಿ ತೋರಿಸಿದ್ದಾರೆ.

13. ನಿಮ್ಮ ಹೆಸರಿನಲ್ಲಿ ಕಳ್ಳಮೇಲ್ ಹೋಗಿದೆ ಎಂದು ತಿಳಿದರೆ ಮುಚ್ಚಿಡಬೇಡಿ.

ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದಷ್ಟು ಹೊತ್ತು ಇನ್ನಷ್ಟು ಜನ ಬೀಳುತ್ತಾರೆ. ಅದೇ ದಿನ ವೆಬ್‌ಸೈಟಿನ ಮೊದಲ ಪುಟದಲ್ಲಿ, ಅಂಗಡಿಯ ಬೋರ್ಡಿನಲ್ಲಿ, ಗ್ರಾಹಕರಿಗೆ ಫೋನಿನಲ್ಲಿ ತಿಳಿಸಿ. ಉದ್ಯೋಗದ ಆಫರ್ ಲೆಟರ್ ಕಳಿಸುವ ಕಂಪನಿಗಳು ‘ನಾವು ಕೆಲಸಕ್ಕೆ ಹಣ ಕೇಳುವುದಿಲ್ಲ’ ಎಂದು ಮೊದಲೇ ಪ್ರಕಟಿಸಿಟ್ಟಿರುವುದು ಮೇಲು. ಕಳ್ಳಮೇಲ್ ಸಿಕ್ಕವರಿಂದ ಸ್ಕ್ರೀನ್‌ಶಾಟ್ ಪಡೆದರೆ ಸಾಲದು, ಅದರಲ್ಲಿ ಜಾತಕ ಇರುವುದಿಲ್ಲ. ಅಳಿಸದೆ, ಮೂಲ ಮೇಲನ್ನೇ ಡೌನ್‌ಲೋಡ್ ಮಾಡಿ ಅಟ್ಯಾಚ್‌ಮೆಂಟ್ ಆಗಿ ಕಳಿಸಲು ಹೇಳಿ. ಯಾರಾದರೂ ಹಣ ಹಾಕಿಬಿಟ್ಟಿದ್ದರೆ ಮೇಲ್‌ನ ವಿಚಾರಣೆಯೆಲ್ಲ ಆಮೇಲೆ, ಮೊದಲು ಅವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಆ ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಹಿಡಿಯಲು ಪೊಲೀಸರಿಗೂ ಬ್ಯಾಂಕಿಗೂ ಸಿಗುವುದು ಕೆಲವೇ ತಾಸು.